ಕೆಂಪು ಕುರ್ಚಿಯ ನಾಸ್ತಿಕಪ್ಪ

ಸಭಾಂಗಣದ ಬಾಗಿಲು ತೆರೆಯುವುದು ಎರಡು ಗಂಟೆಗೆ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದರೂ ಒಂದೂಕಾಲಿಗೇ ಕಾರಿಡಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಲ್ಯಾಬಿನಿಂದ ಬಿಳಿ ಕೋಟಿನಲ್ಲೇ ಓಡಿ ಬಂದವರು, ಊಟದ ಡಬ್ಬಿ ಕೈಯಲ್ಲೇ ಹಿಡಿದು ನಿಂತವರು, ಸಾಲಿನಲ್ಲಿ ಬ್ಯಾಗು ಇಟ್ಟು ತಾವು ಚಹಾಕ್ಕೆ ಹೋದವರು. ಕಾರ್ಡಕ್ಕ ಮೆಟ್ಟಿಲ ಮೇಲೆ ನಿಂತು ತಲೆ ಎಣಿಸತೊಡಗಿದಳು. ನೂರ ಎಂಬತ್ತು ದಾಟಿದ ಮೇಲೆ ಎಣಿಕೆ ತಪ್ಪಿತು. ತಪ್ಪಿದ್ದಕ್ಕೇ ಖುಷಿಯಾಗಿ ಅಲ್ಲೇ ಒಂದು ಸಲ ಕುಣಿದುಬಿಟ್ಟಳು. ಯಾರಾದರೂ ನೋಡಿಬಿಟ್ಟರಾ ಎಂದು ಆಮೇಲೆ ಸುತ್ತ ನೋಡಿದಳು. ಎಲ್ಲರೂ ನೋಡಿದ್ದರು.

ಅವಳಿಗೆ ಕಾರ್ಡಕ್ಕ ಎಂಬ ಹೆಸರು ಬಂದದ್ದು ಒಂದು ಶೂ ಡಬ್ಬಿಯ ದೆಸೆಯಿಂದ. ಕಾಲೇಜಿನ ಕ್ರೈಸ್ತ ವಿದ್ಯಾರ್ಥಿಗಳ ‘ಪ್ರಶ್ನೆ ಬಳಗ’ಕ್ಕೆ ಎರಡು ವರ್ಷದಿಂದ ಅವಳೇ ಲೀಡರು. ದೇವರಿದ್ದಾನೆ ಅನ್ನುವುದಕ್ಕೆ ಏನು ಆಧಾರ, ಇದ್ದರೆ ಲೋಕದಲ್ಲಿ ಇಷ್ಟೊಂದು ನೋವು ಯಾಕೆ, ಸತ್ತವನು ಎದ್ದು ಬಂದನೆಂದು ಹೇಗೆ ನಂಬುತ್ತೀರಿ ಎಂದೆಲ್ಲ ಕೇಳಲು ಬರುವವರಿಗೆ ಸಿಟ್ಟಾಗದೆ, ನುಣುಚಿಕೊಳ್ಳದೆ ಉತ್ತರ ಹೇಳುವುದು ಬಳಗದ ಕೆಲಸ. ಅವಳು ಒಂದೊಂದು ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ ಬರೆದು ಇನ್ನೂರ ಹದಿನಾಲ್ಕು ಕಾರ್ಡುಗಳನ್ನು ಆ ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಹಲ್ಲಿನ ಡಾಕ್ಟರ ಬಾಗಿಲಲ್ಲಿ, ಎಲ್ಲೆಂದರಲ್ಲಿ ಬಾಯಿಪಾಠ. ಹಲ್ಲಿನ ಡಾಕ್ಟರಿಗೂ ಒಮ್ಮೆ ನಲವತ್ತನೇ ಕಾರ್ಡು ವಿವರಿಸಲು ಹೋಗಿದ್ದಳಂತೆ. ಅವಳ ಬಾಯಲ್ಲಿ ಹತ್ತಿ ಇದ್ದುದರಿಂದ ಅವರು ಪಾರಾದರು.

ಬಳಗಕ್ಕೆ ಇನ್ನೊಂದು ಪದ್ಧತಿ ಇತ್ತು. ಪ್ರತಿ ಗುರುವಾರ ಹಳೆ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಅಭ್ಯಾಸ. ನಾಟಕದವರು ಬಿಸಾಡಿದ್ದ, ರೆಕ್ಸಿನ್ ಹರಿದ ಕೆಂಪು ಕುರ್ಚಿ ಒಂದನ್ನು ನಡುವೆ ಹಾಕುತ್ತಿದ್ದರು. ಅದರ ಮೇಲೆ ಕೂತವನು ಆ ದಿನದ ‘ನಾಸ್ತಿಕಪ್ಪ’. ನಂಬಿಕೆಯ ವಿರುದ್ಧ ಏನೆಲ್ಲ ಹೇಳಬಹುದೋ ಅಷ್ಟನ್ನೂ ಅವನು ದಯೆ ದಾಕ್ಷಿಣ್ಯವಿಲ್ಲದೆ ಹೇಳಬೇಕು, ಉಳಿದವರು ಉತ್ತರಿಸಬೇಕು. ಕುರ್ಚಿಯಲ್ಲಿ ಕೂತು ಆಡಿದ ಮಾತು ಕೂತವನದಲ್ಲ, ಎದ್ದ ಮೇಲೆ ಅದನ್ನು ಯಾರೂ ಎತ್ತಿ ಆಡಬಾರದು ಎಂಬುದು ನಿಯಮ. ಮೊದಮೊದಲು ಸರದಿಯ ಮೇಲೆ ಕೂರುತ್ತಿದ್ದರು. ಆಮೇಲೆ ಕಾರ್ಡಕ್ಕನ ಸ್ವಂತ ತಮ್ಮ, ಎರಡನೇ ವರ್ಷದ ಫಿಸಿಕ್ಸಿನವನು, ‘ನಾನೇ ಕೂರ್ತೀನಿ ಬಿಡಿ’ ಎಂದ. ಹದಿನೈದು ಗುರುವಾರ ಬಿಡದೆ ಕೂತ. ಎಂಥ ಮಾತು, ಎಂಥ ಕಣ್ಣು! ಮುಗಿದೊಡನೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಾಸ್ತಿಕಪ್ಪ ಎಂಬುದು ಅವನ ಖಾಯಂ ಹೆಸರೇ ಆಗಿಹೋಯಿತು. ಅಭ್ಯಾಸ ಮುಗಿದ ಮೇಲೆ ಕುರ್ಚಿಯ ಕೆಳಗೆ ಹಳದಿ ಸ್ಪಂಜಿನ ಚೂರುಗಳು ಬಿದ್ದಿರುತ್ತಿದ್ದವು. ಕಾರ್ಡಕ್ಕ ಇಲಿಗಳನ್ನು ಬೈಯುತ್ತಾ ಗುಡಿಸುತ್ತಿದ್ದಳು.

ಅವಳ ಮನಸ್ಸಿನಲ್ಲಿದ್ದದ್ದು ಒಂದೇ ಆಸೆ. ಅವಳದು ಕೊನೆಯ ವರ್ಷ. ದೇವರಿದ್ದಾನೋ ಇಲ್ಲವೋ ಎಂಬ ಇವತ್ತಿನ ಈ ದೊಡ್ಡ ಚರ್ಚೆ ಮುಗಿದ ಸಂಜೆಯೇ ಮುಂದಿನ ಲೀಡರ್ ಯಾರೆಂದು ಹೇಳಬೇಕು. ಅದು ತಮ್ಮನೇ ಆಗಬೇಕು. ಬಳಗ ಹಿಂದೊಮ್ಮೆ ಮುಂದೆ ನಿಲ್ಲುವವರಿಲ್ಲದೆ ನಾಲ್ಕು ವರ್ಷ ಬಾಗಿಲು ಹಾಕಿತ್ತು, ಅದನ್ನು ಮತ್ತೆ ತೆರೆದವಳು ಅವಳು. ತನ್ನ ಕೈಯಿಂದ ತಮ್ಮನ ಕೈಗೆ ಹೋದರೆ ಅಪ್ಪನಿಗೂ ಎಷ್ಟು ಸಂತೋಷ! ಮೂರು ಸಲ ಕೇಳಿದ್ದಳು. ಮೂರು ಸಲವೂ ಅವನು ಶೂ ಲೇಸು ಕಟ್ಟುತ್ತಾ ‘ನೋಡೋಣ ಅಕ್ಕ’ ಅಂದಿದ್ದ. ಅಷ್ಟು ಸಲ ಬಿಚ್ಚುವ ಶೂ ಲೇಸು ಯಾವ ಅಂಗಡಿಯದೋ ದೇವರೇ ಬಲ್ಲ.

“ಕಾರ್ಡಕ್ಕಾ!” ಜನರ ನಡುವೆ ನುಗ್ಗಿಕೊಂಡು ಅಂಟು ಬಂದ. ಬಳಗದ ಪೋಸ್ಟರುಗಳೆಲ್ಲ ಅವನ ಕೈಕೆಲಸ. ಬೆರಳಿಗೆ ಸದಾ ಗೋಂದು ಮೆತ್ತಿಕೊಂಡಿರುವುದರಿಂದ ಆ ಹೆಸರು. “ಕೆಟ್ಟೆವು. ಅವನು ಕೈಕೊಟ್ಟ.”

“ಯಾರೋ?”

“ಇವತ್ತು ನಿನ್ನೆದುರು ವಾದ ಮಾಡಬೇಕಿದ್ದವನು, ಪಕ್ಕದ ಕಾಲೇಜಿನ ವಿಚಾರ ಸಂಘದ ಅಧ್ಯಕ್ಷ. ಗಂಟಲು ಕಟ್ಟಿಕೊಂಡಿದೆಯಂತೆ, ಮಾತೇ ಹೊರಡ್ತಿಲ್ಲವಂತೆ. ಫೋನಲ್ಲಿ ಅವರಮ್ಮ ಮಾತಾಡಿದ್ರು.”

ಕಾರ್ಡಕ್ಕ ಕಾರಿಡಾರಿನ ಕಡೆ ನೋಡಿದಳು. ಮುನ್ನೂರು ಜನ, ಎದುರಾಳಿಯೇ ಇಲ್ಲ! ಒಬ್ಬಳೇ ನಿಂತು ಗಾಳಿಗೆ ಗುದ್ದುವುದೇ? ಅರ್ಧ ನಿಮಿಷ ತಲೆ ಮೇಲೆ ಕೈ ಹೊತ್ತು ನಿಂತಳು. ಆಮೇಲೆ ಕಣ್ಣು ಹೊಳೆಯಿತು.

“ಹಳೆ ಲೈಬ್ರರಿಗೆ ಓಡು. ಕೆಂಪು ಕುರ್ಚಿ ತಗೊಂಡು ಬಾ.”

“ನಾಸ್ತಿಕಪ್ಪ?”

“ಮತ್ತಿನ್ಯಾರು! ಆ ಅಧ್ಯಕ್ಷ ಬಂದಿದ್ರೂ ಇವನಷ್ಟು ಚೆನ್ನಾಗಿ ಮಾತಾಡ್ತಿರಲಿಲ್ಲ.”

ತಮ್ಮ ಸಭಾಂಗಣದ ಮೂಲೆಯಲ್ಲಿ, ಧೂಳು ಹಿಡಿದ ಹಳೆ ಪಿಯಾನೋದ ಪಕ್ಕ ಮೈಕಿನ ವೈರು ಬಿಡಿಸುತ್ತಿದ್ದ. ವಿಷಯ ಕೇಳಿ ಅವನ ಮುಖ ಬಿಳುಚಿತು. “ಬೇಡ ಅಕ್ಕ. ಗುರುವಾರದ್ದು ಬೇರೆ. ಇವತ್ತು ಅಪ್ಪ ಅಮ್ಮ ಬರ್ತಿದ್ದಾರೆ.”

“ಅಪ್ಪನಿಗೆ ನಾವು ಏನಂದ್ರೂ ಕೇಳಿಸಲ್ಲ ಕಣೋ, ಯಾಕೆ ಹೆದರ್ತೀಯಾ? ಅಮ್ಮ ನೋಟ್‌ಬುಕ್ಕಲ್ಲಿ ಬರೆದು ತೋರಿಸ್ತಾಳೆ, ಅದು ನಾಟಕ ಅಂತಾನೂ ಬರೀತಾಳೆ. ಪ್ಲೀಸ್ ಕಣೋ, ನನ್ನ ಮಾನ ಉಳಿಸು.”

ಅವನು ವೈರಿನ ಗಂಟನ್ನು ಮತ್ತೆ ಬಿಡಿಸತೊಡಗಿದ. ಅಷ್ಟರಲ್ಲಿ ಕುರ್ಚಿ ಹೊತ್ತು ಬಂದ ಅಂಟು ಸುಧಾರಿಸಿಕೊಳ್ಳಲೆಂದು ಮೊಣಕೈಯನ್ನು ಪಿಯಾನೋದ ಕೀಗಳ ಮೇಲೆ ಊರಿದ. ಅದು ಕರ್ಕಶವಾಗಿ ಕಿರುಚಿತು. ತಮ್ಮ ಹಲ್ಲುನೋವು ಬಂದವನ ಹಾಗೆ ಮುಖ ಹಿಂಡಿದ. “ಸರಿ,” ಎಂದ.

ಅವನ ಕಿವಿಯೇ ಅಂಥದ್ದು. ಅಪ್ಪ ಪಿಯಾನೋ ಶ್ರುತಿ ಮಾಡುವವರು. ಪ್ರಾರ್ಥನಾ ಮಂದಿರಗಳು, ಸಂಗೀತ ಶಾಲೆಗಳು, ಹೋಟೆಲುಗಳು, ಎಲ್ಲಿ ಪಿಯಾನೋ ಇದ್ದರೂ ಅಪ್ಪನಿಗೆ ಕರೆ ಬರುತ್ತಿತ್ತು. ತಮ್ಮ ಆರು ವರ್ಷದವನಿದ್ದಾಗಲೇ ಜೊತೆಗೆ ಹೋಗಿ, ‘ಅಪ್ಪ, ಇದು ಒಂಚೂರು ಇಳಿದಿದೆ’ ಎಂದು ತೋರಿಸುತ್ತಿದ್ದನಂತೆ. ಒಂದೂವರೆ ವರ್ಷದ ಹಿಂದೆ ಅಪ್ಪನ ಕಿವಿ ಮಂದವಾಯಿತು, ಆರು ತಿಂಗಳಲ್ಲಿ ಪೂರ್ತಿ ಹೋಯಿತು. ಡಾಕ್ಟರುಗಳು ಕೈಚೆಲ್ಲಿದರು. ಚರ್ಚಿನ ಇಡೀ ಸಭೆ ಉಪವಾಸವಿದ್ದು ಪ್ರಾರ್ಥಿಸಿತು. ಏನೂ ಆಗಲಿಲ್ಲ. ‘ನೀನು ಜೊತೆಗೆ ಬಂದ್ರೆ ಇನ್ನೂ ಕೆಲಸ ಮಾಡಬಹುದು ಮಗನೇ’ ಎಂದು ಅಪ್ಪ ಕರೆದರೆ, ತಮ್ಮ ಪರೀಕ್ಷೆ ಇದೆ ಅಂದ. ಒಂದು ವರ್ಷದಿಂದ ಅವನಿಗೆ ಪರೀಕ್ಷೆ ಮುಗಿದೇ ಇಲ್ಲ.

ಎರಡೂವರೆಗೆ ಚರ್ಚೆ ಶುರುವಾಯಿತು. ಕಿಟಕಿಯ ಕಟ್ಟೆಗಳ ಮೇಲೂ ಜನ. ನಡೆಸಿಕೊಡುವವರು ತತ್ವಶಾಸ್ತ್ರದ ಮೇಡಂ. ಅವರು ಯಾವ ದೇವರನ್ನೂ ನಂಬಿದವರಲ್ಲ, ಆದರೆ ಐದು ನಿಮಿಷ ಮೀರಿ ಮಾತಾಡುವವರನ್ನು ಮಾತ್ರ ಯಾವ ಕಾರಣಕ್ಕೂ ಕ್ಷಮಿಸುತ್ತಿರಲಿಲ್ಲ. ಕೈಯಲ್ಲಿ ಹಿತ್ತಾಳೆ ಗಂಟೆ ಹಿಡಿದು ಕೂತಿದ್ದರು. ಮುಂದಿನ ಸಾಲಿನಲ್ಲಿ ಇಸ್ತ್ರಿ ಕೋಟು ಹಾಕಿದ ಅಪ್ಪ, ಪಕ್ಕದಲ್ಲಿ ಮಡಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡ ಅಮ್ಮ. ಅಮ್ಮ ಬರೆಯುವುದು, ಅಪ್ಪ ಕತ್ತು ಚಾಚಿ ಓದುವುದು, ಓದಿ ತಲೆದೂಗುವುದು. ಈಗ ಇವರ ಮನೆಯಲ್ಲಿ ಮಾತುಕತೆ ನಡೆಯುವುದೇ ಹೀಗೆ.

ಏನು ಕಾವು ಅಂತೀರಿ! ತಮ್ಮ ಒಂದು ಪ್ರಶ್ನೆ ಎಸೆದ, ಅಕ್ಕ ಹನ್ನೆರಡನೇ ಕಾರ್ಡು ಎತ್ತಿದಳು. ಅವನು ನಕ್ಕು, “ಗಡಿಯಾರ ಇದ್ರೆ ಅದನ್ನ ಜೋಡಿಸಿದವನೂ ಇರಬೇಕು ಅಂತ ಈಗ ಇವಳು ಗಡಿಯಾರದ ಉದಾಹರಣೆ ಕೊಡ್ತಾಳೆ ನೋಡಿ,” ಎಂದ. ಅವಳು ಬಾಯಿ ತೆರೆದದ್ದು ಅದಕ್ಕೇ. ಸಭೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ಅವಳು ತಕ್ಷಣ ಕಾರ್ಡು ಮಡಿಸಿಟ್ಟು, “ಗಡಿಯಾರ ಬೇಡ ಬಿಡು, ನಿನ್ನ ರೂಮು ತಗೋ. ಅದನ್ನ ನೋಡಿದ್ರೆ ಮಾತ್ರ ಯಾರೂ ಜೋಡಿಸಿಟ್ಟಿಲ್ಲ ಅಂತ ಒಪ್ಕೋತೀನಿ,” ಎಂದಳು. ಚಪ್ಪಾಳೆಯೋ ಚಪ್ಪಾಳೆ. ಒಂದು ಮಾತಿಗೆ ಒಂದು ಮಾತು. ವಿಜ್ಞಾನ, ಇತಿಹಾಸ, ಒಳ್ಳೆಯದು ಕೆಟ್ಟದ್ದು, ಎಲ್ಲ ಆಯಿತು. ಗೆಲ್ಲುತ್ತಿದ್ದೇನೆ ಎಂದು ಅವಳ ಮೈಗೆಲ್ಲ ಗೊತ್ತಾಗುತ್ತಿತ್ತು. ಇವನು ಲೀಡರಾದರೆ ಈ ಬಳಗವನ್ನು ಹಿಡಿಯುವವರೇ ಇಲ್ಲ ಎಂದುಕೊಂಡಳು.

ಕೊನೆಯ ಸುತ್ತು ಪ್ರಾರ್ಥನೆಯ ಮೇಲೆ. ತಮ್ಮ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಂದ.

“ಒಬ್ಬ ಮನುಷ್ಯ ಇದ್ದಾನೆ ಅಂತ ಇಟ್ಕೊಳ್ಳಿ,” ಎಂದ. ದನಿ ತಗ್ಗಿತ್ತು. “ಅವನ ಅನ್ನವೇ ಅವನ ಕಿವಿ. ಆ ಕಿವಿ ಹೋಗುತ್ತೆ. ಅವನು ದಿನಾ ಬೆಳಿಗ್ಗೆ ಆರು ಗಂಟೆಗೆ ಮೊಣಕಾಲೂರಿ ಪ್ರಾರ್ಥನೆ ಮಾಡ್ತಾನೆ. ತನ್ನ ದನಿ ತನಗೇ ಕೇಳಿಸಲ್ಲ, ಅದಕ್ಕೆ ಕೂಗ್ತಾನೆ. ತಾನು ಕೂಗ್ತಿದ್ದೀನಿ ಅಂತಾನೂ ಅವನಿಗೆ ಗೊತ್ತಿಲ್ಲ, ಹೇಳೋಕೆ ಮನೆಯವರಿಗೆ ಬಾಯಿ ಬರಲ್ಲ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ತಾರೆ. ಅಷ್ಟು ಜೋರಾದ ಪ್ರಾರ್ಥನೆ ಪಕ್ಕದ ಮನೆಗೆ ಕೇಳಿಸುತ್ತೆ, ಬೀದಿ ಕೊನೆಗೂ ಕೇಳಿಸುತ್ತೆ. ನಿಮ್ಮ ದೇವರಿಗೆ ಮಾತ್ರ ಯಾಕೆ ಕೇಳಿಸಲ್ಲ?”

ಮೂರನೇ ಸಾಲಿನಲ್ಲಿ ಅಂಟು ಎದ್ದು ನಿಂತು ಸಿಳ್ಳೆ ಹೊಡೆದ. “ಸೂಪರ್ ಕಣೋ ನಾಸ್ತಿಕಪ್ಪ!” ಬಳಗದವರೆಲ್ಲ ಗುರುವಾರದ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು.

ಕಾರ್ಡಕ್ಕ ಎಂಬತ್ತೇಳನೇ ಕಾರ್ಡು ಕೈಗೆತ್ತಿಕೊಂಡಳು. ಪ್ರಾರ್ಥನೆಗೆ ಉತ್ತರ ಯಾಕೆ ಬರುವುದಿಲ್ಲ. ಹಿಂದೆ ಐದು ಅಂಶ, ಐದೂ ಬಾಯಿಪಾಠ, ಐದನೆಯದಕ್ಕೆ ಸಭೆ ಎದ್ದು ನಿಲ್ಲುವುದು ಖಚಿತ. ಹೇಳಲೆಂದು ತಮ್ಮನ ಕಡೆ ತಿರುಗಿದಳು. ಅವನ ಬಲಗೈ ಕುರ್ಚಿಯ ಹರಿದ ರೆಕ್ಸಿನ್ನಿನೊಳಗಿತ್ತು. ಬೆರಳುಗಳು ಸ್ಪಂಜನ್ನು ಚಿವುಟುತ್ತಿದ್ದವು, ಚೂರು ಚೂರಾಗಿ ಕೆಳಗೆ ಬೀಳುತ್ತಿತ್ತು. ಹಳದಿ ಚೂರುಗಳು. ಹದಿನೈದು ಗುರುವಾರ ಅವಳು ಗುಡಿಸಿದ ಚೂರುಗಳು.

ಇಲಿಯಂತೆ, ಇಲಿ! ಅವಳಿಗೆ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳುವ ಹಾಗಾಯಿತು. ಹದಿನೈದು ವಾರ ಒಬ್ಬ ಹುಡುಗ ತನ್ನ ಕಣ್ಣೆದುರೇ ಒಳಗಿನ ಸಂಕಟವನ್ನೆಲ್ಲ ತೋಡಿಕೊಂಡಿದ್ದಾನೆ, ತಾನು ನಟನೆ ಚೆನ್ನಾಗಿದೆ ಎಂದು ಬೆನ್ನು ತಟ್ಟಿದ್ದಾಳೆ. ಪ್ರಶ್ನೆ ಬಳಗದ ಲೀಡರಂತೆ!

ಈಗ ಏನು ಮಾಡುವುದು? ಕಾರ್ಡು ಓದಿದರೆ ಗೆಲ್ಲುತ್ತಾಳೆ. ಮುನ್ನೂರು ಜನರೆದುರು ತಮ್ಮನನ್ನು ಸೋಲಿಸಿ ಗೆಲ್ಲುತ್ತಾಳೆ, ಆಮೇಲೆ ಅವನು ಜನ್ಮದಲ್ಲಿ ಅವಳ ಹತ್ತಿರ ನಿಜ ಹೇಳುವುದಿಲ್ಲ. ಅವಳು ಕಾರ್ಡನ್ನು ಮೇಜಿನ ಮೇಲೆ ಬೋರಲು ಇಟ್ಟಳು.

“ಎದ್ದೇಳೋ.”

“ಏನು?”

“ಆ ಕುರ್ಚಿಯಿಂದ ಎದ್ದೇಳು. ಎದ್ದು ನಿಂತ್ಕೊಂಡು ಈಗ ಅಂದದ್ದನ್ನ ಇನ್ನೊಂದ್ಸಲ ಅನ್ನು.”

ಮೇಡಂ ಕನ್ನಡಕದ ಮೇಲಿಂದ ನೋಡಿದರು. “ಇದು ನಿಮ್ಮ ನಿಯಮದಲ್ಲಿದೆಯೇನಮ್ಮ?”

“ಇಲ್ಲ ಮೇಡಂ. ನಿಯಮ ಮುರೀತಿದ್ದೀನಿ.”

“ಹಾಗಾದ್ರೆ ಮುಂದುವರಿಸಿ,” ಎಂದು ಮೇಡಂ ಗಂಟೆಯನ್ನು ಕೆಳಗಿಟ್ಟರು.

ತಮ್ಮ ಎದ್ದ. ನಿಂತಾಗ ಅವನು ಹಠಾತ್ತನೆ ಚಿಕ್ಕವನಂತೆ ಕಂಡ.

“ಆ ಮನುಷ್ಯ ನಮ್ಮಪ್ಪ,” ಎಂದ. “ಅಲ್ಲಿ ಕೂತಿದ್ದಾರೆ. ನಾನೂ ಪ್ರಾರ್ಥನೆ ಮಾಡ್ದೆ ಅಕ್ಕ. ತಿಂಗಳುಗಟ್ಟಲೆ ಮಾಡ್ದೆ, ಆಮೇಲೆ ಬಿಟ್ಟುಬಿಟ್ಟೆ. ನಂಬಿಕೆ ಇದೆಯೋ ಇಲ್ವೋ ನನಗೇ ಗೊತ್ತಿಲ್ಲ. ಅದಕ್ಕೇ ಅಪ್ಪನ ಜೊತೆ ಕೆಲಸಕ್ಕೆ ಹೋಗಲ್ಲ. ಪ್ರಾರ್ಥನೆಯ ಜಾಗಕ್ಕೆ ಹೋಗಿ ಯಾವ ಮುಖ ಇಟ್ಕೊಂಡು ಕೂರಲಿ? ವಾರದಲ್ಲಿ ಒಂದೇ ಗಂಟೆ, ಈ ಕುರ್ಚಿ ಮೇಲೆ, ನಾನು ನಿಜ ಹೇಳ್ತಿದ್ದೆ. ನೀವೆಲ್ಲ ಚಪ್ಪಾಳೆ ತಟ್ತಿದ್ರಿ.”

ಅಂಟು ಸಿಳ್ಳೆ ಹೊಡೆದ ಎರಡು ಬೆರಳನ್ನು ಜೇಬಿಗೆ ಹಾಕಿಕೊಂಡು ತಲೆ ತಗ್ಗಿಸಿ ಕೂತ.

“ನನ್ನ ಹತ್ರ ಇದಕ್ಕೆ ಕಾರ್ಡ್ ಇದೆ,” ಎಂದಳು ಕಾರ್ಡಕ್ಕ. ಅವಳಿಗೇ ಗೊತ್ತಿಲ್ಲದೆ ಅಳುತ್ತಿದ್ದಳು. “ಉತ್ತರ ಇಲ್ಲ. ನಾನು ನಂಬ್ತೀನಿ. ಯಾಕೆ ಅಂತ ಸಂಜೆವರೆಗೂ ಹೇಳಬಲ್ಲೆ, ನಿನಗೂ ಗೊತ್ತು. ಆದ್ರೆ ಅಪ್ಪನ ಕಿವಿ ಯಾಕೆ ವಾಪಸ್ ಬರಲಿಲ್ಲ ಅಂತ ನನಗೆ ಗೊತ್ತಿಲ್ಲ ಕಣೋ. ಆ ಪ್ರಶ್ನೆ ನನಗೂ ಇತ್ತು. ಅದರ ಮೇಲೆ ಇನ್ನೂರು ಕಾರ್ಡು ಪೇರಿಸಿ ಮುಚ್ಚಿಟ್ಟಿದ್ದೆ.”

ಇಷ್ಟು ಹೊತ್ತೂ ಅಮ್ಮನ ಪೆನ್ನು ನಿಂತುಹೋಗಿತ್ತು. ಅಪ್ಪ ಮಗನ ಮುಖ ನೋಡುವುದು, ಮಗಳ ಮುಖ ನೋಡುವುದು, ಅಮ್ಮನ ತೋಳು ತಿವಿಯುವುದು. ಬರಿ, ಬರಿ ಎಂದು ಕೈಸನ್ನೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಬರೆದಳು. ಬರೆಯುತ್ತಲೇ ಇದ್ದಳು. ಅಪ್ಪ ನೋಟ್‌ಬುಕ್ಕನ್ನು ಕಸಿದುಕೊಂಡು ಓದಿದರು, ಇನ್ನೊಮ್ಮೆ ಓದಿದರು. ಆಮೇಲೆ ಅಮ್ಮನ ಕಿವಿಯ ಹತ್ತಿರ ಬಾಗಿ ಗುಟ್ಟಾಗಿ ಮಾತಾಡಿದರು. ಅವರ ಲೆಕ್ಕದಲ್ಲಿ ಅದು ಗುಟ್ಟು. ಕಿಟಕಿಯ ಕಟ್ಟೆಯ ಮೇಲಿದ್ದವರಿಗೂ ಒಂದೊಂದು ಅಕ್ಷರ ಕೇಳಿಸಿತು.

“ಅವನೇ ಹೇಳಿದ್ನಾ? ಎದ್ದು ನಿಂತು, ಇಷ್ಟು ಜನರ ಮುಂದೆ ಹೇಳಿದ್ನಾ? ಅಬ್ಬಾ, ದೇವರಿಗೆ ಸ್ತೋತ್ರ! ಒಂದು ವರ್ಷದಿಂದ ದಿನಾ ಬೆಳಿಗ್ಗೆ ಇದೊಂದನ್ನೇ ಬೇಡ್ಕೊಂಡೆ ಕಣೇ. ಕಿವಿ ಹೋದ್ರೆ ಹೋಗ್ಲಿ ತಂದೆಯೇ, ಹುಡುಗ ಹೊಟ್ಟೆಯೊಳಗೇ ಇಟ್ಕೊಂಡು ಕೊರಗ್ತಿದ್ದಾನೆ, ಅದು ಹೊರಗೆ ಬರೋ ಹಾಗೆ ಮಾಡು ಅಂತ. ನೋಡು, ಬಂತು!”

ಕಾರ್ಡಕ್ಕ ಬೆಳಿಗ್ಗೆ ಆರಕ್ಕೆ ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದಳು. ತಮ್ಮ ಓಡಲು ಹೋಗುತ್ತಿದ್ದ. ಅಮ್ಮ ಮಿಕ್ಸಿ ಹಾಕುತ್ತಿದ್ದಳು. ಅಪ್ಪ ಅಷ್ಟು ಜೋರಾಗಿ ಏನು ಬೇಡಿಕೊಳ್ಳುತ್ತಿದ್ದಾರೆ ಎಂದು ಆ ಮನೆಯಲ್ಲಿ ಒಬ್ಬರೂ ಕಿವಿಗೊಟ್ಟಿರಲಿಲ್ಲ. ಪಕ್ಕದ ಮನೆಯವರಿಗೆ ಮಾತ್ರ ಗೊತ್ತಿದ್ದಿರಬೇಕು.

ಮೊದಲು ನಕ್ಕದ್ದು ತಮ್ಮ. ಅಳುತ್ತಲೇ ನಕ್ಕ. ಅದರೊಂದಿಗೆ ಇಡೀ ಸಭಾಂಗಣ ಸಿಡಿಯಿತು. ಯಾರು ನಗುತ್ತಿದ್ದಾರೆ, ಯಾರು ಕಣ್ಣೊರೆಸುತ್ತಿದ್ದಾರೆ, ಯಾರು ಬೆಂಚು ಬಡಿಯುತ್ತಿದ್ದಾರೆ, ಒಂದೂ ತಿಳಿಯದು. ಅಪ್ಪ ಎದ್ದು ಸುತ್ತ ಕಣ್ಣು ಕಣ್ಣು ಬಿಟ್ಟು ನೋಡಿ, ಮಕ್ಕಳಿಬ್ಬರೂ ಗೆದ್ದರೆಂದುಕೊಂಡು ತಾವೂ ಚಪ್ಪಾಳೆ ತಟ್ಟಿದರು.

ಅದು ಇಳಿಯುವ ಮೊದಲೇ ಬಿಳಿ ಕೋಟಿನ ಹುಡುಗಿಯೊಬ್ಬಳು ಮೈಕಿನ ಹತ್ತಿರ ಬಂದು, “ನನಗೂ ಒಂದು ಪ್ರಶ್ನೆ ಇದೆ. ಕಾರ್ಡ್ ನೋಡದೆ ಹೇಳ್ತೀರಾ?” ಎಂದಳು. ಅವಳ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬಳು. ಸಾಲು ಬಾಗಿಲು ದಾಟಿ ಕಾರಿಡಾರಿಗೆ ಹೋಯಿತು. ಗೊತ್ತಿದ್ದದ್ದಕ್ಕೆ ಕಾರ್ಡಕ್ಕ ಉತ್ತರ ಹೇಳಿದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದಳು. ಗೊತ್ತಿಲ್ಲ ಅಂದಷ್ಟೂ ಸಾಲು ಬೆಳೆಯಿತು. ಮೇಡಂ ಗಂಟೆಯನ್ನು ಮತ್ತೆ ಮುಟ್ಟಲೇ ಇಲ್ಲ.

ಐದು ಗಂಟೆಗೆ ಜನ ಕರಗಿದ ಮೇಲೆ ಅವಳು ವೇದಿಕೆಯ ಅಂಚಿನಲ್ಲಿ ತಮ್ಮನ ಪಕ್ಕ ಕುಸಿದು ಕೂತಳು. ಗಂಟಲು ಒಣಗಿತ್ತು. ಆದರೂ ಇನ್ನೊಂದು ಮುನ್ನೂರು ಜನ ಬಂದರೆ ಇನ್ನೊಂದು ಸಲ ಶುರು ಮಾಡುವಷ್ಟು ಹುರುಪಿತ್ತು.

“ಲೀಡರ್ ಆಗಲ್ಲ ಅಕ್ಕ,” ಎಂದ ಅವನು. ಈ ಸಲ ಶೂ ಲೇಸಿನ ಕಡೆ ನೋಡಲಿಲ್ಲ. “ಈಗ ಆದ್ರೆ ಸುಳ್ಳಾಗುತ್ತೆ.”

“ಗೊತ್ತು ಕಣೋ.” ಹೇಳುವಾಗ ಒಳಗೆ ಚುರುಕ್ಕೆಂದಿತು, ಸುಳ್ಳೇಕೆ. ಎರಡು ವರ್ಷದ ಆಸೆ. “ಗುರುವಾರ ಬರ್ತೀಯಾ?”

“ಬರ್ತೀನಿ. ಬೇರೆ ಕುರ್ಚಿ ಹಾಕಿದ್ರೆ.”

ಅವಳು ಅಂಟುವನ್ನು ಕರೆದು ಶೂ ಡಬ್ಬಿಯನ್ನು ಅವನ ಕೈಗಿಟ್ಟಳು. “ಮುಂದಿನ ವರ್ಷ ನೀನು.”

“ನಾನಾ? ನನಗೆ ಪೋಸ್ಟರ್ ಅಂಟಿಸೋದು ಬಿಟ್ಟು ಏನು ಬರುತ್ತೆ ಕಾರ್ಡಕ್ಕ?”

“ಸಿಳ್ಳೆ ಹೊಡೆದದ್ದಕ್ಕೆ ಇಷ್ಟು ಹೊತ್ತೂ ತಲೆ ತಗ್ಗಿಸಿ ಕೂತೆಯಲ್ಲ, ಅದು ಬರುತ್ತಲ್ಲ ನಿನಗೆ, ಸಾಕು.” ಎಂಬತ್ತೇಳನೇ ಕಾರ್ಡಿನ ಹಿಂಬದಿಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ ಅದನ್ನೂ ಡಬ್ಬಿಯೊಳಗೆ ಸೇರಿಸಿದಳು. ಅಂಟು ಡಬ್ಬಿಯನ್ನು ಎದೆಗೆ ಅವುಚಿಕೊಂಡ. ಗೋಂದಿನ ಕೈಗೆ ಅದು ಆಗಲೇ ಅಂಟಿಕೊಂಡಿತ್ತು.

ಅಪ್ಪ ಅಷ್ಟರಲ್ಲಿ ಮೂಲೆಯ ಪಿಯಾನೋದ ಹತ್ತಿರ ಹೋಗಿದ್ದರು. ಮುಚ್ಚಳದ ಧೂಳನ್ನು ಕೋಟಿನ ತೋಳಿನಿಂದಲೇ ಒರೆಸಿ, ಮರದ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತಿದ್ದರು. ತಮ್ಮ ಎದ್ದು ಹೋದ. ಅಮ್ಮನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಏನೋ ಬರೆದು ಅಪ್ಪನ ಮುಂದೆ ಹಿಡಿದ. ಕಾರ್ಡಕ್ಕ ಹಿಂದಿನಿಂದ ಇಣುಕಿ ಓದಿದಳು: ನಡುವಿನ ಮೂರು ಸ್ವರ ಇಳಿದಿವೆ.

“ಯಾವ ಮೂರು?” ಎಂದರು ಅಪ್ಪ. ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದವಳು ಬೆಚ್ಚಿ ಒಳಗೆ ನೋಡಿದಳು. ಅಪ್ಪ ಆಗಲೇ ಕೋಟು ಕಳಚಿ ತೋಳು ಮಡಿಸುತ್ತಿದ್ದರು. ಒಳಜೇಬಿನಿಂದ ತಂತಿ ಬಿಗಿಯುವ ಹಿಡಿ ಹೊರಬಂತು. ಒಂದು ವರ್ಷದಿಂದ ಕೆಲಸವಿಲ್ಲದಿದ್ದರೂ ಅದನ್ನು ದಿನವೂ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು.

“ಕೂತ್ಕೋ ಮಗನೇ. ನೀನು ಕಿವಿಯಿಟ್ಟು ಹೇಳು, ನಾನು ತಿರುಗಿಸ್ತೀನಿ.”

ತಮ್ಮ ಕೂರಲು ಏನಾದರೂ ಇದೆಯೇ ಎಂದು ಸುತ್ತ ನೋಡಿದ. ಹತ್ತಿರದಲ್ಲಿ ಇದ್ದದ್ದು ಕೆಂಪು ಕುರ್ಚಿ ಒಂದೇ. ಅದನ್ನೇ ಎಳೆದುಕೊಂಡು ಕೂತು, ಒಂದು ಬಿಳಿ ಕೀ ಒತ್ತಿ, ಅಪ್ಪನ ಮುಖ ನೋಡುತ್ತಾ ಬೆರಳನ್ನು ಮೇಲಕ್ಕೆ ತೋರಿಸಿದ. ಇನ್ನೂ ಸ್ವಲ್ಪ.